ಕಾವಲೂರಿನ ಖಗೋಳ ಸಾಧಕ ವೈನು ಬಪ್ಪು

ಮಳೆಗಾಲ ಮುಗಿದು ಚಳಿ ಆರಂಭವಾಗುವ ದಿನಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಧರ್ಮಪುರಿ ಜಿಲ್ಲೆಯ ಹರೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಅಮಾವಾಸ್ಯೆಯ ಹತ್ತಿರದ ರಾತ್ರಿ, ಊಟ ಮುಗಿಸಿ ಮನೆಯ ಹಿತ್ತಲಿಗೆ ಬಂದು ಪೂರ್ವ ದಿಕ್ಕಿಗೆ ತಲೆಯೆತ್ತಿ ನೋಡಿದರೆ, ಒಂದೇ ಸಾಲಿನಲ್ಲಿ ಜೋಡಿಸಿಟ್ಟಂತಿರುವ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧ ಎಂಬ ನಕ್ಷತ್ರಪುಂಜದ ನಡುಪಟ್ಟಿ. ಆ ಸಾಲಿನ ದಕ್ಷಿಣಕ್ಕೆ ಮಂಕಾದ ಇನ್ನೂ ಕೆಲವು ಚುಕ್ಕೆಗಳಿವೆ. ಅದನ್ನು ಬೇಟೆಗಾರನ ಕತ್ತಿ ಎನ್ನುತ್ತಾರೆ. ಕತ್ತಿಯ ನಡುವಿನ ಚುಕ್ಕೆಯನ್ನು ಗಮನವಿಟ್ಟು ನೋಡಿದರೆ, ಅದು ಇತರ ನಕ್ಷತ್ರಗಳಂತೆ ಚೂಪಾಗಿಲ್ಲ; ಹೊಗೆ ಕವಿದ ದೀಪದಂತೆ ಮಸುಕಾಗಿದೆ. ಅದೇ ಮಹಾವ್ಯಾಧದ ನೀಹಾರಿಕೆ. ಸುಮಾರು 1300 ಜ್ಯೋತಿರ್ವರ್ಷಗಳ ದೂರದಲ್ಲಿರುವ ಅನಿಲ ಮತ್ತು ಧೂಳಿನ ಆ ಮೋಡದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ಇಂತಹ ಮಸುಕು ಬೆಳಕನ್ನು ಹಿಡಿದಿಡಲು ಕತ್ತಲೆ ಬೇಕು, ತಾಳ್ಮೆ ಬೇಕು, ಒಳ್ಳೆಯ ದೂರದರ್ಶಕವೂ ಬೇಕು. ಈ ಮೂರನ್ನೂ ನಮ್ಮ ನಾಡಿನ ಒಂದು ಬೆಟ್ಟದ ಮೇಲೆ ಒಟ್ಟುಗೂಡಿಸಿದ ಮಹನೀಯರು ಡಾ. ವೈನು ಬಪ್ಪು. ಹರೂರಿನಿಂದ ಊತ್ತಂಗರೈ, ತಿರುಪತ್ತೂರು ಮಾರ್ಗವಾಗಿ ಹೋದರೆ ಜವ್ವಾದು ಬೆಟ್ಟಸಾಲು ಸಿಗುತ್ತದೆ. ಆ ಬೆಟ್ಟಸಾಲಿನಲ್ಲಿರುವ ಕಾವಲೂರು ಎಂಬ ಪುಟ್ಟ ಊರು ಪ್ರಪಂಚದ ಖಗೋಳ ವಿಜ್ಞಾನಿಗಳಿಗೆಲ್ಲ ಪರಿಚಿತವಾಗಲು ಅವರೇ ಕಾರಣರು. ಹೊಸೂರು, ಧರ್ಮಪುರಿ, ಸೇಲಂ ಭಾಗದ ಕನ್ನಡಿಗರಿಗೆ ಕಾವಲೂರು ದೂರದ ಊರಲ್ಲ. ಆದ್ದರಿಂದ ಅವರ ಜೀವನವನ್ನು ತಿಳಿಯುವುದು ನಮಗೆ ಹೆಮ್ಮೆಯ ವಿಷಯ.

ಮನಾಲಿ ಕಲ್ಲಾಟ್ ವೈನು ಬಪ್ಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಅವರ ಮನೆತನ ಕೇರಳದ ಕಣ್ಣೂರಿನ ಕಡೆಯದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಆದ್ದರಿಂದ ಬಾಲಕನಿಗೆ ದೂರದರ್ಶಕ ಎಂಬುದು ಪುಸ್ತಕದ ಚಿತ್ರವಾಗಿರಲಿಲ್ಲ. ತಂದೆಯ ಕಾರ್ಯಸ್ಥಳದಲ್ಲಿ ಕಣ್ಣಾರೆ ಕಾಣುವ ವಸ್ತುವಾಗಿತ್ತು.

ನಿಜಾಮಿಯಾ ವೀಕ್ಷಣಾಲಯಕ್ಕೆ ಒಂದು ವಿಶೇಷವಿತ್ತು. ಇಡೀ ಆಕಾಶದ ಫೋಟೋ ತೆಗೆದು ನಕ್ಷೆ ತಯಾರಿಸಬೇಕೆಂದು 1887ರಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ವಿಜ್ಞಾನಿಗಳು ತೀರ್ಮಾನಿಸಿದ್ದರು. ಆಕಾಶವನ್ನು ಪಟ್ಟಿಗಳಾಗಿ ವಿಂಗಡಿಸಿ ಬೇರೆ ಬೇರೆ ದೇಶಗಳ ವೀಕ್ಷಣಾಲಯಗಳಿಗೆ ಹಂಚಲಾಯಿತು. ಅದರಲ್ಲಿ ಒಂದು ಪಾಲು ಹೈದರಾಬಾದಿಗೂ ಬಂದಿತ್ತು. 8 ಅಂಗುಲದ ಮಸೂರವುಳ್ಳ ದೂರದರ್ಶಕದ ಮೂಲಕ ಅಲ್ಲಿಯವರು ಗಾಜಿನ ತಟ್ಟೆಗಳ ಮೇಲೆ ನಕ್ಷತ್ರಗಳ ಫೋಟೋಗಳನ್ನು ತೆಗೆದು, ಒಂದೊಂದು ಚುಕ್ಕೆಯ ಸ್ಥಾನವನ್ನೂ ಅಳೆದು ಬರೆದಿಟ್ಟರು. ದೊಡ್ಡ ಕಾರ್ಯವೆಂಬುದು ಅನೇಕ ರಾತ್ರಿಗಳ ಸಣ್ಣ ಸಣ್ಣ ಕೆಲಸಗಳಿಂದ ಆಗುತ್ತದೆ ಎಂಬುದಕ್ಕೆ ಆ ವೀಕ್ಷಣಾಲಯವೇ ಸಾಕ್ಷಿಯಾಗಿತ್ತು.

ವೈನು ಬಪ್ಪು ನಿಜಾಂ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಓದಿನ ಜೊತೆಗೆ ಭಾಷಣ, ಚರ್ಚೆ, ಆಟೋಟಗಳಲ್ಲಿಯೂ ಮುಂದಿದ್ದರು. ರಾತ್ರಿಯಾದರೆ ಅವರ ಮನಸ್ಸು ಆಕಾಶದ ಕಡೆಗೆ ಹೋಗುತ್ತಿತ್ತು. ಕೆಲವು ನಕ್ಷತ್ರಗಳ ಬೆಳಕು ಒಂದೇ ಸಮನಾಗಿರದೆ ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಅಂತಹ ಚಂಚಲ ನಕ್ಷತ್ರಗಳನ್ನು ಅವರು ರಾತ್ರಿಯ ಮೇಲೆ ರಾತ್ರಿ ನೋಡಿ ಗುರುತಿಸಿಕೊಂಡರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಈ ಕುರಿತು ಅವರು ಬರೆದ ಲೇಖನಗಳು 1946ರ ಹೊತ್ತಿಗೆ ಪ್ರಕಟವಾದವು. ಅಮೆರಿಕದ ಪ್ರಸಿದ್ಧ ಖಗೋಳ ವಿಜ್ಞಾನಿ ಹಾರ್ಲೋ ಶಾಪ್ಲಿ ಅವರು ಭಾರತಕ್ಕೆ ಬಂದಾಗ ಈ ಯುವಕ ಅವರನ್ನು ಭೇಟಿಯಾದನು. ಆ ಭೇಟಿಯ ಫಲವಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಿತು. ಹೈದರಾಬಾದ್ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ವೈನು ಬಪ್ಪು 1949ರಲ್ಲಿ ಅಮೆರಿಕಕ್ಕೆ ಹೋದರು.

ಅಲ್ಲಿಗೆ ಹೋದ ಕೆಲವೇ ತಿಂಗಳಲ್ಲಿ ಒಂದು ಅಪೂರ್ವ ಘಟನೆ ನಡೆಯಿತು. 1949ರ ಜುಲೈ 2ರಂದು ತೆಗೆದ ಫೋಟೋ ತಟ್ಟೆಯನ್ನು ಪರೀಕ್ಷಿಸುವಾಗ, ಇರಬಾರದ ಜಾಗದಲ್ಲಿ ಒಂದು ಮಸುಕು ಗುರುತು ಅವರ ಕಣ್ಣಿಗೆ ಬಿತ್ತು. ಆಕಾಶದಲ್ಲಿ ಮಸುಕಾಗಿ ಕಾಣುವ ವಸ್ತುಗಳು ಹಲವಾರಿವೆ. ನೀಹಾರಿಕೆಗಳು, ದೂರದ ನಕ್ಷತ್ರಗುಚ್ಛಗಳು, ಗೆಲಾಕ್ಸಿಗಳು, ಧೂಮಕೇತುಗಳು ಎಲ್ಲವೂ ಮೊದಲ ನೋಟಕ್ಕೆ ಒಂದೇ ರೀತಿ ತೋರಬಹುದು. ಫ್ರಾನ್ಸಿನ ಷಾರ್ಲ್ ಮೆಸ್ಸಿಯೇ ಎಂಬ ಧೂಮಕೇತು ಶೋಧಕನು 18ನೆಯ ಶತಮಾನದಲ್ಲಿಯೇ ಈ ತೊಡಕನ್ನು ಅನುಭವಿಸಿದ್ದನು. ತನ್ನನ್ನು ಮೋಸಗೊಳಿಸುವ ಮಸುಕು ವಸ್ತುಗಳನ್ನೆಲ್ಲ ಆತ ಪಟ್ಟಿ ಮಾಡಿಟ್ಟನು. 1781ರಲ್ಲಿ ಹೊರಬಂದ ಆ ಪಟ್ಟಿಯಲ್ಲಿ 103 ವಸ್ತುಗಳಿದ್ದವು. ಮಹಾವ್ಯಾಧದ ನೀಹಾರಿಕೆಯ ಸಂಖ್ಯೆ ಅದರಲ್ಲಿ 42. ನೀಹಾರಿಕೆ ನಿಂತಲ್ಲಿಯೇ ನಿಲ್ಲುತ್ತದೆ. ಧೂಮಕೇತು ನಕ್ಷತ್ರಗಳ ನಡುವೆ ಜರುಗುತ್ತದೆ. ಎರಡನ್ನೂ ಬೇರ್ಪಡಿಸಲು ಇದೇ ಉಪಾಯ.

ವೈನು ಬಪ್ಪು ಕಂಡ ವಸ್ತು ಜರುಗುತ್ತಿತ್ತು. ಪ್ರಾಧ್ಯಾಪಕರಾದ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅದನ್ನು ದೃಢಪಡಿಸಿದರು. ಹೊಸ ಧೂಮಕೇತುವಿಗೆ ಬಪ್ಪು-ಬಾಕ್-ನ್ಯೂಕರ್ಕ್ ಎಂದು ಹೆಸರಾಯಿತು. ಅದು ಸೂರ್ಯನನ್ನು ಒಮ್ಮೆ ಸುತ್ತಿ ಬರಲು ಸುಮಾರು 60,000 ವರ್ಷಗಳು ಬೇಕೆಂದು ಲೆಕ್ಕ ಹಾಕಲಾಯಿತು. ಪೆಸಿಫಿಕ್ ಖಗೋಳ ಸಂಘವು ಅವರಿಗೆ ಡಾನ್‌ಹೋ ಧೂಮಕೇತು ಪದಕವನ್ನು ನೀಡಿ ಗೌರವಿಸಿತು. ಆಗ ಅವರ ವಯಸ್ಸು ಕೇವಲ 22. ಗಾಜಿನ ತಟ್ಟೆಯ ಮೇಲಿನ ಒಂದು ಸಣ್ಣ ಗುರುತನ್ನು ಕಡೆಗಣಿಸದೆ ನೋಡಿದ್ದಕ್ಕೆ ದೊರೆತ ಫಲ ಅದು.

ಹಾರ್ವರ್ಡ್‌ನಲ್ಲಿ ವೈನು ಬಪ್ಪು ವೋಲ್ಫ್-ರಾಯೆ ಎಂಬ ಬಗೆಯ ನಕ್ಷತ್ರಗಳನ್ನು ಅಭ್ಯಸಿಸಿ 1952ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಇವು ಬಹಳ ಬಿಸಿಯಾದ ನಕ್ಷತ್ರಗಳು. ತಮ್ಮ ಹೊರಪದರದ ಅನಿಲವನ್ನು ಬಿರುಗಾಳಿಯಂತೆ ಹೊರಕ್ಕೆ ಊದುತ್ತಿರುತ್ತವೆ. ಇಂತಹ ಕೆಲವು ನಕ್ಷತ್ರಗಳ ಸುತ್ತ ಆ ಅನಿಲವೇ ನೀಹಾರಿಕೆಯಾಗಿ ಹೊಳೆಯುತ್ತದೆ. ಅನಂತರ ಕಾರ್ನೆಗಿ ಸಂಶೋಧನಾ ವೇತನ ದೊರೆತು, ಮೌಂಟ್ ವಿಲ್ಸನ್ ಮತ್ತು ಪಾಲೋಮರ್ ವೀಕ್ಷಣಾಲಯಗಳಲ್ಲಿ ಕೆಲಸ ಮಾಡುವ ಅವಕಾಶ ಬಂತು. ಅಂದಿನ ಪ್ರಪಂಚದ ಅತಿ ದೊಡ್ಡ ದೂರದರ್ಶಕ ಇದ್ದದ್ದು ಪಾಲೋಮರ್ ಬೆಟ್ಟದ ಮೇಲೆ.

ಅಲ್ಲಿ ಅವರು ಓಲಿನ್ ವಿಲ್ಸನ್ ಅವರೊಡನೆ ಸೇರಿ ಒಂದು ಮಹತ್ವದ ಸಂಗತಿಯನ್ನು ಕಂಡುಹಿಡಿದರು. ನಕ್ಷತ್ರದ ಬೆಳಕನ್ನು ಮಳೆಬಿಲ್ಲಿನಂತೆ ಬಣ್ಣಗಳಾಗಿ ಒಡೆದರೆ ಅದರಲ್ಲಿ ಹಲವು ರೇಖೆಗಳು ಕಾಣುತ್ತವೆ. ಕ್ಯಾಲ್ಸಿಯಂ ಧಾತುವಿಗೆ ಸೇರಿದ ಒಂದು ರೇಖೆಯ ಅಗಲಕ್ಕೂ ಆ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಸಂಬಂಧವಿದೆ ಎಂಬುದೇ ಆ ಶೋಧನೆ. ದೂರದಲ್ಲಿ ಬರುವ ವಾಹನದ ದೀಪದ ಶಕ್ತಿ ಎಷ್ಟೆಂದು ತಿಳಿದಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರಿಂದ ದೂರವನ್ನು ಹೇಳಬಹುದಲ್ಲವೆ? ಹಾಗೆಯೇ ನಕ್ಷತ್ರದ ನಿಜ ಪ್ರಕಾಶ ತಿಳಿದರೆ ಅದರ ದೂರವೂ ತಿಳಿಯುತ್ತದೆ. 1957ರಲ್ಲಿ ಪ್ರಕಟವಾದ ಈ ಶೋಧನೆಯನ್ನು ಪ್ರಪಂಚದ ವಿಜ್ಞಾನಿಗಳು ವಿಲ್ಸನ್-ಬಪ್ಪು ಪರಿಣಾಮ ಎಂದು ಕರೆಯುತ್ತಾರೆ.

ಅಮೆರಿಕದಲ್ಲಿಯೇ ನೆಲೆಸಿದ್ದರೆ ಅವರಿಗೆ ಉತ್ತಮ ದೂರದರ್ಶಕಗಳೂ ಸ್ಥಾನಮಾನಗಳೂ ದೊರೆಯುತ್ತಿದ್ದವು. ಆದರೆ ವೈನು ಬಪ್ಪು 1953ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಆಗ ನಮ್ಮ ದೇಶದಲ್ಲಿ ರಾತ್ರಿಯ ಆಕಾಶವನ್ನು ಆಳವಾಗಿ ಅಭ್ಯಸಿಸಲು ದೊಡ್ಡ ದೂರದರ್ಶಕವೇ ಇರಲಿಲ್ಲ. ಇಲ್ಲದ್ದಕ್ಕೆ ಕೊರಗುತ್ತ ಕೂರದೆ ಅವರು ಇರುವುದನ್ನು ಬೆಳೆಸಲು ತೊಡಗಿದರು. ವಾರಾಣಸಿಯಲ್ಲಿ ಆಗತಾನೆ ಆರಂಭವಾಗಿದ್ದ ಉತ್ತರ ಪ್ರದೇಶ ಸರ್ಕಾರದ ವೀಕ್ಷಣಾಲಯದ ಹೊಣೆಯನ್ನು 1954ರಲ್ಲಿ ಹೊತ್ತರು. ಬಯಲುಸೀಮೆಯ ಧೂಳಿನ ಆಕಾಶ ವೀಕ್ಷಣೆಗೆ ತಕ್ಕದ್ದಲ್ಲ. ಆ ವೀಕ್ಷಣಾಲಯ 1955ರಲ್ಲಿ ನೈನಿತಾಲಿನ ಬೆಟ್ಟಕ್ಕೆ ಸ್ಥಳಾಂತರಗೊಂಡಿತು.

1960ರಲ್ಲಿ ವೈನು ಬಪ್ಪು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾಗಿ ತಮಿಳುನಾಡಿಗೆ ಬಂದರು. ಕೊಡೈಕನಾಲ್ ಸೂರ್ಯನ ಅಧ್ಯಯನಕ್ಕೆ ಹೆಸರಾದ ಸ್ಥಳ. 20ನೆಯ ಶತಮಾನದ ಆರಂಭದಿಂದಲೂ ಅಲ್ಲಿ ಸೂರ್ಯನ ಫೋಟೋಗಳನ್ನು ತೆಗೆದು ಕಾಪಾಡಿಕೊಂಡು ಬರಲಾಗಿದೆ. ಆದರೆ ಎತ್ತರದ ಆ ಬೆಟ್ಟದಲ್ಲಿ ಮೋಡ, ಮಂಜು ಹೆಚ್ಚು. ನಕ್ಷತ್ರ, ನೀಹಾರಿಕೆಗಳನ್ನು ಅಭ್ಯಸಿಸಲು ಬೇರೆ ಸ್ಥಳ ಬೇಕೆಂದು ಅವರು ದಕ್ಷಿಣ ಭಾರತದಲ್ಲಿ ಹುಡುಕಾಟ ನಡೆಸಿದರು.

ಆ ಹುಡುಕಾಟ ಕೊನೆಗೊಂಡದ್ದು ಜವ್ವಾದು ಬೆಟ್ಟಗಳ ಕಾವಲೂರಿನಲ್ಲಿ. ಸಮುದ್ರ ಮಟ್ಟದಿಂದ ಸುಮಾರು 725 ಮೀಟರ್ ಎತ್ತರದ ಈ ಸ್ಥಳದ ಸುತ್ತಲೂ ಕಾಡು. ನಗರಗಳ ದೀಪದ ಬೆಳಕು ಇಲ್ಲಿಗೆ ತಲುಪುತ್ತಿರಲಿಲ್ಲ. ಭೂಮಧ್ಯರೇಖೆಗೆ ಸಮೀಪವಾಗಿರುವುದರಿಂದ ಇಲ್ಲಿಂದ ಉತ್ತರದ ಆಕಾಶವಲ್ಲದೆ ದಕ್ಷಿಣದ ಆಕಾಶದ ಹೆಚ್ಚಿನ ಭಾಗವೂ ಕಾಣುತ್ತದೆ. ಯುರೋಪಿನಂತಹ ಉತ್ತರ ದೇಶಗಳವರಿಗೆ ಈ ಭಾಗ್ಯವಿಲ್ಲ. ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಸ್ಥಳ ಎಂಬುದೂ ಅನುಕೂಲವೇ ಆಗಿತ್ತು.

1968ರಲ್ಲಿ ಕಾವಲೂರಿನಲ್ಲಿ ವೀಕ್ಷಣೆ ಆರಂಭವಾಯಿತು. ಮೊದಲು ನಿಂತದ್ದು ದೊಡ್ಡ ಯಂತ್ರವಲ್ಲ. ತಮ್ಮದೇ ಕಾರ್ಯಾಗಾರದಲ್ಲಿ ತಯಾರಿಸಿದ, 38 ಸೆಂಟಿಮೀಟರ್ ವ್ಯಾಸದ ಕನ್ನಡಿಯುಳ್ಳ ಒಂದು ದೂರದರ್ಶಕ. ಇಂದು ಆಸಕ್ತಿಯುಳ್ಳವರು ಮನೆಯ ಹಿತ್ತಲಲ್ಲಿಯೂ ಇಷ್ಟು ದೊಡ್ಡ ದೂರದರ್ಶಕವನ್ನು ಇರಿಸಿಕೊಳ್ಳಬಹುದು. ಆದರೆ ಸಣ್ಣ ದೂರದರ್ಶಕವೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲವಾಗುತ್ತದೆ. ಅದಕ್ಕಿಂತ 38 ಸೆಂಟಿಮೀಟರ್ ಕನ್ನಡಿ ಸುಮಾರು 3000 ಪಟ್ಟು ಹೆಚ್ಚು ಬೆಳಕನ್ನು ಸೇರಿಸುತ್ತದೆ.

ಬೆಳಕನ್ನು ಸೇರಿಸಿದರಷ್ಟೇ ಸಾಲದು, ಅದನ್ನು ಕೂಡಿಡಲೂ ಬೇಕು. ಕಣ್ಣು ಎಷ್ಟು ಹೊತ್ತು ನೋಡಿದರೂ ಮಂಕಾದ ವಸ್ತು ಮಂಕಾಗಿಯೇ ಇರುತ್ತದೆ. ಫೋಟೋ ತಟ್ಟೆ ಹಾಗಲ್ಲ. ತೊಟ್ಟಿಕ್ಕುವ ನೀರಿನಿಂದ ಕೊಡ ತುಂಬುವಂತೆ ಅದರ ಮೇಲೆ ಬೆಳಕು ಕೂಡುತ್ತಾ ಹೋಗುತ್ತದೆ. ಅಮೆರಿಕದ ಹೆನ್ರಿ ಡ್ರೇಪರ್ ಎಂಬುವರು 1880ರ ಸೆಪ್ಟೆಂಬರ್ 30ರಂದು 11 ಅಂಗುಲದ ದೂರದರ್ಶಕಕ್ಕೆ ಫೋಟೋ ತಟ್ಟೆಯನ್ನು ಜೋಡಿಸಿ, 51 ನಿಮಿಷ ಬೆಳಕಿಗೆ ಒಡ್ಡಿ ಮಹಾವ್ಯಾಧದ ನೀಹಾರಿಕೆಯ ಮೊದಲ ಫೋಟೋ ತೆಗೆದರು. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ಎಂಬ ಇಂಜಿನಿಯರರು ತಮ್ಮ ಮನೆಯ ತೋಟದಲ್ಲಿ ನಿಲ್ಲಿಸಿದ್ದ ದೂರದರ್ಶಕದಿಂದ ಅದೇ ನೀಹಾರಿಕೆಯ ಇನ್ನೂ ಉತ್ತಮ ಫೋಟೋ ತೆಗೆದರು. ಕಣ್ಣಿಗೆ ಕಾಣದ ನಕ್ಷತ್ರಗಳು ಕೂಡ ಅದರಲ್ಲಿ ಮೂಡಿದ್ದವು. ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡಿದ ಅವರಿಗೆ 1884ರಲ್ಲಿ ಇಂಗ್ಲೆಂಡಿನ ರಾಯಲ್ ಖಗೋಳ ಸಂಘ ಚಿನ್ನದ ಪದಕ ನೀಡಿತು.

ಈ ಕೆಲಸದಲ್ಲಿ ಮುಖ್ಯ ತೊಡಕು ಭೂಮಿಯ ತಿರುಗುವಿಕೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುತ್ತಿರುತ್ತವೆ. ದೂರದರ್ಶಕ ಸುಮ್ಮನೆ ನಿಂತರೆ ಫೋಟೋದಲ್ಲಿ ಚುಕ್ಕೆಯ ಬದಲು ಗೀರು ಮೂಡುತ್ತದೆ. ಆದ್ದರಿಂದ ದೂರದರ್ಶಕದ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮನಾಗಿ, ಅಂದರೆ ಧ್ರುವದ ಕಡೆಗೆ ತಿರುಗಿಸಿ ನಿಲ್ಲಿಸಬೇಕು. ಹರೂರಿನಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 12 ಡಿಗ್ರಿ ಮಾತ್ರ ಮೇಲಿರುತ್ತದೆ. ಅಷ್ಟೇ ಓರೆಯಲ್ಲಿ ಅಕ್ಷವನ್ನು ನಿಲ್ಲಿಸಿ, ಮೋಟಾರಿನಿಂದ ನಿಧಾನವಾಗಿ ತಿರುಗಿಸಿದರೆ ನೀಹಾರಿಕೆ ನೋಟದಿಂದ ಜಾರುವುದಿಲ್ಲ. ಈಗ ಗಾಜಿನ ತಟ್ಟೆಗಳ ಕಾಲ ಮುಗಿದಿದೆ. ಹವ್ಯಾಸಿಗಳು ಡಿಜಿಟಲ್ ಕ್ಯಾಮೆರಾದಿಂದ ಒಂದೊಂದು ನಿಮಿಷದ ಹಲವಾರು ಫೋಟೋಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಆಗ ಕಣ್ಣಿಗೆ ಬೂದು ಬಣ್ಣದಲ್ಲಿ ಕಂಡ ಮೋಡ, ಹೈಡ್ರೋಜನ್ ಅನಿಲದ ಕೆಂಪು ಬಣ್ಣವನ್ನು ತೋರಿಸುತ್ತದೆ. ಸಾಧನ ಬದಲಾದರೂ ಕತ್ತಲೆ, ಸ್ಥಿರತೆ, ತಾಳ್ಮೆ ಎಂಬ ಮೂರು ನಿಯಮಗಳು ಬದಲಾಗಿಲ್ಲ.

ಸಣ್ಣ ದೂರದರ್ಶಕದಿಂದ ಆರಂಭಿಸಿದ ವೈನು ಬಪ್ಪು ಅಲ್ಲಿಗೇ ನಿಲ್ಲಲಿಲ್ಲ. 1971ರಲ್ಲಿ ಕೊಡೈಕನಾಲ್ ಮತ್ತು ಕಾವಲೂರು ಕೇಂದ್ರಗಳು ಸೇರಿ ಭಾರತೀಯ ಖಭೌತ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ವೈನು ಬಪ್ಪು ಅದರ ಮೊದಲ ನಿರ್ದೇಶಕರಾದರು. ಮುಂದೆ ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಗೊಂಡಿತು. 1972ರಲ್ಲಿ ಜರ್ಮನಿಯ ಕಾರ್ಲ್ ಜೈಸ್ ಕಂಪನಿಯ 102 ಸೆಂಟಿಮೀಟರ್ ದೂರದರ್ಶಕ ಕಾವಲೂರಿಗೆ ಬಂತು. ಅದೇ ವರ್ಷ ಗುರುಗ್ರಹದ ಚಂದ್ರನಾದ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ಗಮನಿಸಿ, ಗ್ಯಾನಿಮೀಡ್‌ಗೆ ತೆಳುವಾದ ವಾತಾವರಣವಿರಬಹುದೆಂಬ ಸುಳಿವನ್ನು ಪಡೆಯಲಾಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದನ್ನು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರು ಇಲ್ಲಿಂದ ಗಮನಿಸಿದರು. ಗ್ರಹ ನಕ್ಷತ್ರದ ಬಳಿ ಬರುವ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿತು. ಯುರೇನಸ್ ಗ್ರಹಕ್ಕೂ ಉಂಗುರಗಳಿವೆ ಎಂಬ ಪ್ರಸಿದ್ಧ ಶೋಧನೆಗೆ ಕಾವಲೂರಿನ ಈ ವೀಕ್ಷಣೆಯೂ ಆಧಾರವಾಯಿತು.

ಇಷ್ಟಾದರೂ ವೈನು ಬಪ್ಪು ಅವರಿಗೆ ಇನ್ನೊಂದು ಆಸೆ ಉಳಿದಿತ್ತು. ದೊಡ್ಡ ದೂರದರ್ಶಕವನ್ನು ಹೊರದೇಶದಿಂದ ಕೊಂಡು ತರುವುದು ಸುಲಭ. ಆದರೆ ಕೊಂಡು ತಂದವರಿಗೆ ಬಳಸುವುದು ಮಾತ್ರ ತಿಳಿಯುತ್ತದೆ. ಕಟ್ಟಿದವರಿಗೆ ಇನ್ನೊಂದನ್ನು ಕಟ್ಟುವುದೂ ತಿಳಿಯುತ್ತದೆ. ಆದ್ದರಿಂದ 234 ಸೆಂಟಿಮೀಟರ್ ವ್ಯಾಸದ ದೂರದರ್ಶಕವನ್ನು ನಮ್ಮ ದೇಶದಲ್ಲಿಯೇ ರೂಪಿಸಿ ಕಟ್ಟಬೇಕೆಂದು ಅವರು ನಿಶ್ಚಯಿಸಿದರು. ಕನ್ನಡಿಗೆ ಬೇಕಾದ ಗಾಜಿನ ದಿಮ್ಮಿ ಮಾತ್ರ ಜರ್ಮನಿಯಿಂದ ಬಂತು. ಅದನ್ನು ಉಜ್ಜಿ ನಯಗೊಳಿಸುವ ಕೆಲಸ ಎ. ಪಿ. ಜಯರಾಜನ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಸಂಸ್ಥೆಯಲ್ಲಿಯೇ ನಡೆಯಿತು. ದೂರದರ್ಶಕದ ಭಾರೀ ಉಕ್ಕಿನ ಭಾಗಗಳು ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ ತಯಾರಾದವು. 38 ಸೆಂಟಿಮೀಟರಿನ ಮೊದಲ ಕನ್ನಡಿಗೆ ಹೋಲಿಸಿದರೆ ಇದು ಸುಮಾರು 38 ಪಟ್ಟು ಹೆಚ್ಚು ಬೆಳಕನ್ನು ಸೇರಿಸಬಲ್ಲದು.

ಈ ನಡುವೆ ಅವರಿಗೆ ಗೌರವಗಳು ತಾವಾಗಿಯೇ ಬಂದವು. 1970ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ ದೊರೆತವು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಅವರು ಆಯ್ಕೆಯಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಒಂದು ಸಣ್ಣ ಗ್ರಹಕ್ಕೂ ವೈನು ಬಪ್ಪು ಎಂದು ಹೆಸರಿಡಲಾಗಿದೆ.

1982ರ ಆಗಸ್ಟ್ ತಿಂಗಳಲ್ಲಿ ಒಕ್ಕೂಟದ ಮಹಾಸಭೆ ಗ್ರೀಸ್ ದೇಶದಲ್ಲಿ ಸೇರಿತ್ತು. ಅಧ್ಯಕ್ಷರಾದ ವೈನು ಬಪ್ಪು ಅಲ್ಲಿಗೆ ಹೋಗಲಾಗಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದ ಅವರು ಆಗಸ್ಟ್ 19ರಂದು ತೀರಿಕೊಂಡರು. ಆಗ ಅವರಿಗೆ 55 ವರ್ಷ ತುಂಬಿ ಕೆಲವೇ ದಿನಗಳಾಗಿದ್ದವು. ಅವರ ಕನಸಿನ ದೂರದರ್ಶಕ ಇನ್ನೂ ಪೂರ್ಣಗೊಂಡಿರಲಿಲ್ಲ.

ಆದರೆ ಅವರು ಬೆಳೆಸಿದ ಜನರು ಕೆಲಸವನ್ನು ನಿಲ್ಲಿಸಲಿಲ್ಲ. 1985ರ ನವೆಂಬರಿನಲ್ಲಿ ಆ ಕನ್ನಡಿಯ ಮೇಲೆ ಮೊದಲ ಬಾರಿಗೆ ನಕ್ಷತ್ರದ ಬೆಳಕು ಬಿತ್ತು. 1986ರ ಜನವರಿ 6ರಂದು ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರನ್ನಿಟ್ಟು ನಾಡಿಗೆ ಸಮರ್ಪಿಸಿದರು. ಆ ಕಾಲಕ್ಕೆ ಅದು ಏಷ್ಯಾದ ಅತಿ ದೊಡ್ಡ ದೂರದರ್ಶಕಗಳಲ್ಲಿ ಒಂದಾಗಿತ್ತು. ಇಲ್ಲಿಯ ಇನ್ನೊಂದು ದೂರದರ್ಶಕದಿಂದ ಆರ್. ರಾಜಮೋಹನ್ ಅವರು 1988ರಲ್ಲಿ ಒಂದು ಸಣ್ಣ ಗ್ರಹವನ್ನು ಕಂಡುಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಯಿತು.

ಇಂದು ಊರುಗಳು ಬೆಳೆಯುತ್ತಿವೆ, ಬೀದಿದೀಪಗಳು ಹೆಚ್ಚುತ್ತಿವೆ. ಮೇಲಕ್ಕೆ ಚೆಲ್ಲುವ ಬೆಳಕು ಆಕಾಶವನ್ನು ಬೆಳ್ಳಗೆ ಮಾಡಿ ನೀಹಾರಿಕೆಗಳನ್ನು ಮರೆಮಾಡುತ್ತದೆ. ದೀಪಕ್ಕೆ ಮುಚ್ಚಳ ಹಾಕಿ ಬೆಳಕನ್ನು ನೆಲದ ಕಡೆಗೆ ತಿರುಗಿಸಿದರೆ ದಾರಿಯೂ ಚೆನ್ನಾಗಿ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ಹೊಲ, ಕೆರೆಗಳನ್ನು ಕಾಪಾಡುವಂತೆ ಕತ್ತಲೆಯನ್ನೂ ಕಾಪಾಡಬೇಕಾಗಿದೆ.

ವೈನು ಬಪ್ಪು ಅವರಿಗೆ ದೊಡ್ಡ ಕನ್ನಡಿಯ ಕನಸಿತ್ತು. ಆದರೆ ಅದು ಬರಲೆಂದು ಅವರು ಕಾಯುತ್ತ ಕೂರಲಿಲ್ಲ. ಕೈಗೆ ಸಿಕ್ಕ ಸಣ್ಣ ಸಾಧನದಿಂದಲೇ ಆಕಾಶವನ್ನು ನೋಡಿದರು, ಕಂಡದ್ದನ್ನು ಬರೆದಿಟ್ಟರು, ಜೊತೆಯವರಿಗೆ ಕಲಿಸಿದರು. ತಾವು ನೆಟ್ಟ ಮರದ ಹಣ್ಣನ್ನು ಅವರು ತಿನ್ನಲಿಲ್ಲ. ಅದರ ನೆರಳಿನಲ್ಲಿ ಇಂದಿಗೂ ಹೊಸ ಹೊಸ ವಿಜ್ಞಾನಿಗಳು ಬೆಳೆಯುತ್ತಿದ್ದಾರೆ.